ಕುಂಚ ಅವರ ಕೈಯಲ್ಲೇ ಇರಲಿ

ಪ್ರಶ್ನೆ: ಐದು ವರ್ಷದ ಮೊಮ್ಮಗಳ ಜೊತೆ ಕೂತು ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಅವಳು ಏನೇ ಬಳಿದರೂ ಕೊನೆಗೆ ಕೆಸರಿನ ಬಣ್ಣ ಆಗುತ್ತದೆ, ಹಾಳೆ ಸುಕ್ಕುಗಟ್ಟಿ ತೂತು ಬೀಳುತ್ತದೆ. ಅವಳಿಗೆ ಹೇಗೆ ಹೇಳಿಕೊಡಲಿ?

ಉತ್ತರ: ಮೊದಲು ಸಾಮಾನು ಬದಲಾಯಿಸಿ, ಪಾಠ ಆಮೇಲೆ. ಪ್ರಿಂಟರಿಗೆ ಹಾಕುವ 80 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಹಾಳೆ ನೀರು ಕುಡಿದು ಉಬ್ಬುತ್ತದೆ, ಅದರ ಮೇಲೆ ಕುಂಚ ಉಜ್ಜಿದರೆ ಎಳೆ ಎದ್ದು ಹರಿಯುತ್ತದೆ. 300 ಜಿಎಸ್ಎಂ ಜಲವರ್ಣದ ಹಾಳೆ ತಂದು ನಾಲ್ಕು ತುಂಡು ಮಾಡಿ. ದೊಡ್ಡವರಿಗೆ ಒಳ್ಳೆಯ ಹಾಳೆ, ಮಕ್ಕಳಿಗೆ ರದ್ದಿ ಎನ್ನುವ ಲೆಕ್ಕ ಇಲ್ಲಿ ಉಲ್ಟಾ: ಕೆಟ್ಟ ಹಾಳೆಯಲ್ಲಿ ಸಂಭಾಳಿಸುವುದು ನಿಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹಾಳೆಯ ನಾಲ್ಕೂ ಅಂಚನ್ನು ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿ. ಪೂರ್ತಿ ಒಣಗಿದ ಮೇಲೆಯೇ ಟೇಪನ್ನು ಚಿತ್ರದಿಂದ ಹೊರಕ್ಕೆ ನಿಧಾನವಾಗಿ ಎಳೆಯಿರಿ.

ಇನ್ನು ಕೆಸರು. 24 ಬಣ್ಣದ ಪೆಟ್ಟಿಗೆಯನ್ನು ಸದ್ಯಕ್ಕೆ ಎತ್ತಿಡಿ. ನಿಂಬೆ ಹಳದಿ, ಕಡುಗುಲಾಬಿ, ನೀಲಿ, ಈ ಮೂರು ಸಾಕು. ಯಾವ ಎರಡು ಬೆರೆತರೂ ನೋಡುವಂಥ ಬಣ್ಣ ಬರುತ್ತದೆ, ಮೂರೂ ಸೇರಿದರೆ ಮಂಕಾಗುತ್ತದೆ. ಹಾಗಾಗಿ ಒಂದು ದಿನಕ್ಕೆ ಎರಡೇ ಬಣ್ಣ ಕೊಡಿ: ಇವತ್ತು ಹಳದಿ ಮತ್ತು ಗುಲಾಬಿ, ಇನ್ನೊಂದು ದಿನ ಹಳದಿ ಮತ್ತು ನೀಲಿ. ಕಿತ್ತಳೆ, ಹಸಿರು ಬರುವುದನ್ನು ಅವಳೇ ಕಂಡುಕೊಳ್ಳಲಿ, ನೀವು ಮುಂಚೆಯೇ ಹೇಳಿಬಿಡಬೇಡಿ. ನೀರಿಗೆ ಎರಡು ಲೋಟ ಇಡಿ, ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕದಡಲು. ಪಕ್ಕದಲ್ಲಿ ಹಳೇ ಬಟ್ಟೆ ಇರಲಿ. ಕುಂಚ 8 ಅಥವಾ 10ನೇ ನಂಬರಿನ ದುಂಡನೆಯದು. 2ನೇ ನಂಬರಿನ ಸಣ್ಣದು ಕೊಟ್ಟರೆ ಆಕಾಶ ತುಂಬಿಸಲು ಒಂದೇ ಕಡೆ ತಿಕ್ಕುತ್ತಾಳೆ, ಆ ತೂತು ಬೀಳುವುದು ಹಾಗೆಯೇ.

ಹಸಿಯ ಮೇಲೆ ಇನ್ನೊಂದು ಬಣ್ಣ ಎಳೆದರೂ ಕೆಳಗಿನದು ಕದಡಿ ಮೇಲೆ ಬರುತ್ತದೆ. ಬೆರಳ ಹಿಂಬದಿಯನ್ನು ಹಾಳೆಗೆ ಮೆಲ್ಲಗೆ ತಾಗಿಸಿ ನೋಡಿ: ತಣ್ಣಗಿದ್ದರೆ ಒಳಗೆ ಇನ್ನೂ ಒದ್ದೆಯಿದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಐದು ವರ್ಷಕ್ಕೆ ಎಲ್ಲಿಂದ ಬರಬೇಕು? ಇನ್ನೊಂದು ತುಂಡು ಹಾಳೆ ಮುಂದಿಡಿ. ಬಿಳಿ ಮೇಣದ ಕ್ರೇಯಾನಿನಿಂದ ಒತ್ತಿ ಗೆರೆ ಎಳೆಸಿ, ಮೇಲೆ ತೆಳುವಾಗಿ ಬಣ್ಣ ಹರಿಸಲು ಹೇಳಿ. ಮೇಣ ನೀರನ್ನು ಹಿಡಿಯದು, ಗೆರೆ ಬೆಳ್ಳಗೆ ಉಳಿಯುತ್ತದೆ. ಬಣ್ಣ ಗಟ್ಟಿಯಾದರೆ ಮಾತ್ರ ಮೇಣವನ್ನೂ ಮುಚ್ಚಿಬಿಡುತ್ತದೆ.

ಪ್ರಶ್ನೆ: ಅಕ್ಕನ ಮಗನಿಗೆ ಹತ್ತು ವರ್ಷ. ಮೊದಲೆಲ್ಲ ಖುಷಿಯಿಂದ ಬರೆಯುತ್ತಿದ್ದ. ಈಗ ಅಳಿಸಿ ಅಳಿಸಿ ಸಾಕಾಗಿ, "ನೀನೇ ಬರೆದುಕೊಡು ಮಾಮ" ಅನ್ನುತ್ತಾನೆ. ಬರೆದುಕೊಡಲೇ?

ಉತ್ತರ: ಅವನ ಹಾಳೆಯ ಮೇಲೆ ಬೇಡ. ಒಂದು ಸಲ ಬರೆದುಕೊಟ್ಟರೆ ಮುಂದೆ ಅವನ ಪ್ರತಿ ಗೆರೆಯೂ ನಿಮ್ಮ ಗೆರೆಯ ಪಕ್ಕ ನಿಲ್ಲಬೇಕಾಗುತ್ತದೆ. ಒಂಬತ್ತರ ಆಸುಪಾಸಿನಲ್ಲಿ ಮಕ್ಕಳಿಗೆ ಚಿತ್ರ "ನಿಜದ ಹಾಗೆ" ಕಾಣಬೇಕು ಅನ್ನಿಸತೊಡಗುತ್ತದೆ. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಇದನ್ನು ಬೆಳವಣಿಗೆಯ ಒಂದು ಹಂತವೆಂದೇ ಗುರುತಿಸಿದ್ದರು. ಕಣ್ಣು ಮುಂದೆ ಹೋಗಿದೆ, ಕೈ ಇನ್ನೂ ಹಿಂದಿದೆ, ಅಷ್ಟೇ.

ಪೆನ್ಸಿಲ್ ಬದಲು ಪೆನ್ನು ಕೊಡಿ, ರಬ್ಬರಿನ ಗೊಡವೆ ತಪ್ಪುತ್ತದೆ. ಮೇಜಿನ ಮೇಲೆ ಒಂದು ಶೂ ಇಟ್ಟು, ಐದು ನಿಮಿಷ ಹಾಳೆ ನೋಡದೆ ಶೂವನ್ನೇ ನೋಡುತ್ತಾ, ಅದರ ಅಂಚಿನಲ್ಲಿ ಕಣ್ಣು ಹೋದಷ್ಟೇ ನಿಧಾನಕ್ಕೆ ಪೆನ್ನು ಎಳೆಯಿರಿ. ಇಬ್ಬರೂ, ನಿಮ್ಮ ನಿಮ್ಮ ಹಾಳೆಯಲ್ಲಿ. ಇಬ್ಬರದೂ ಸೊಟ್ಟಗೆ ಬರುತ್ತದೆ, ಆದರೆ ಲೇಸಿನ ತೂತು, ಹಿಮ್ಮಡಿಯ ಮಡಿಕೆ ಅವನ ಹಾಳೆಗೆ ಬಂದಿರುತ್ತವೆ. ಕೆಲವು ದಿನ ಕಳೆದ ಮೇಲೆ ಅಳತೆ ಕಲಿಸಿ: ಪೆನ್ಸಿಲನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಲೋಟದ ಬಾಯಿಯ ಅಗಲ ಅದರ ಎತ್ತರದಲ್ಲಿ ಎಷ್ಟು ಸಲ ಹಿಡಿಯುತ್ತದೆಂದು ನೋಡುವುದು. ಮೊಣಕೈ ಮಡಚಿದರೆ ಲೆಕ್ಕ ತಪ್ಪುತ್ತದೆ. ಬರೆದದ್ದನ್ನು ತೋರಿಸಿದಾಗ "ಸೂಪರ್" ಅನ್ನಬೇಡಿ, ಈ ವಯಸ್ಸಿನವರು ಅದನ್ನು ನಂಬುವುದಿಲ್ಲ. "ಶೂವಿನ ಹಿಮ್ಮಡಿ ಇಲ್ಲಿ ದಪ್ಪ ಆಗೋದನ್ನ ಗಮನಿಸಿದ್ದೀಯ" ಅನ್ನಿ.

ಪ್ರಶ್ನೆ: ಮಕ್ಕಳು ಉಪ್ಪುಹಿಟ್ಟಿನಲ್ಲಿ ಮಾಡಿದ ಬೊಂಬೆಗಳೆಲ್ಲ ಬಿರುಕು ಬಿಡುತ್ತವೆ. ಯಾಕೆ?

ಉತ್ತರ: ದಪ್ಪ ಹೆಚ್ಚಾಗಿದೆ, ಇಲ್ಲವೇ ಶಾಖ ಜಾಸ್ತಿಯಾಗಿದೆ. ಹೊರಗೆ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ, ಅಲ್ಲಿ ಬಿರಿಯುತ್ತದೆ. 2 ಕಪ್ ಮೈದಾ, 1 ಕಪ್ ಪುಡಿಯುಪ್ಪು, ಮುಕ್ಕಾಲು ಕಪ್ಪಿನಷ್ಟು ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ, ಹತ್ತು ನಿಮಿಷ ನಾದಿ. ದಪ್ಪ 1 ಸೆಂ.ಮೀ. ಮೀರದಿರಲಿ. ಓವನ್ನಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಗಂಟೆ, ನಡುವೆ ಒಮ್ಮೆ ಮಗುಚಿ. ಮನೆಯಲ್ಲಿ ನಾಯಿ ಇದ್ದರೆ ಹಿಟ್ಟನ್ನೂ ಬೊಂಬೆಯನ್ನೂ ಎತ್ತರದಲ್ಲಿಡಿ. ಅಷ್ಟು ಉಪ್ಪು ಅದರ ಜೀವಕ್ಕೇ ಅಪಾಯ.