ರಾಕು ಗೂಡಿಗೆ ಯಾವ ಬರ್ನರ್? ಮೊದಲು ರೆಗ್ಯುಲೇಟರ್ ಲೆಕ್ಕ ಹಾಕಿ

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ಸಣ್ಣ ಮಡಕೆ ಸ್ಟುಡಿಯೊ ಇದೆ. 200 ಲೀಟರಿನ ಡ್ರಮ್ ಕತ್ತರಿಸಿ, ಒಳಗೆ ಶಾಖ ತಡೆಯುವ ಸೆರಾಮಿಕ್ ಫೈಬರ್ ಎರಡು ಪದರ ಹೊದಿಸಿ ರಾಕು ಗೂಡು (ಕೆಂಪಗೆ ಕಾದ ಮಡಕೆಯನ್ನು ಹೊರತೆಗೆದು ಹೊಟ್ಟಿನಲ್ಲಿ ಹಾಕುವ ಸುಡುವಿಕೆಗೆ) ಮಾಡಿಕೊಂಡಿದ್ದೇನೆ. ಒಳಗಿನ ಅಡ್ಡಳತೆ 45 ಸೆಂ.ಮೀ., ಎತ್ತರ 60 ಸೆಂ.ಮೀ. ಹೋಟೆಲಿನ ಭಟ್ಟಿ ಬರ್ನರ್ ಹಾಕು ಎನ್ನುವವರಿದ್ದಾರೆ, ತಾರಸಿಗೆ ವಾಟರ್‌ಪ್ರೂಫಿಂಗ್ ಹಾಳೆ ಅಂಟಿಸುವ ಟಾರ್ಚ್ ಸಾಕು ಎನ್ನುವವರಿದ್ದಾರೆ, ಬ್ಲೋವರ್ ಇರುವುದೇ ಬೇಕು ಎನ್ನುವವರೂ ಇದ್ದಾರೆ. ಯಾವುದು ಸರಿ? ಮನೆಯ ಸಿಲಿಂಡರ್ ನಡೆಯುತ್ತದೆಯೇ?

ಉತ್ತರ: ನಿಮ್ಮ ಗೂಡಿನ ಒಳಗಾತ್ರ ಸುಮಾರು 95 ಲೀಟರ್. ಫೈಬರ್ ಹೊದಿಸಿದ ರಾಕು ಗೂಡಿಗೆ ಲೀಟರಿಗೆ ಕಾಲು ಕಿಲೋವ್ಯಾಟ್ ಲೆಕ್ಕ ಹಿಡಿದರೆ ಸಾಕು. ಅಂದರೆ 25 ಕಿಲೋವ್ಯಾಟ್ ಆಸುಪಾಸಿನ ಬರ್ನರ್. ಬಿಟಿಯು (ಶಾಖ ಅಳೆಯುವ ಇನ್ನೊಂದು ಮಾನ) ಲೆಕ್ಕದಲ್ಲಿ ಗಂಟೆಗೆ 85,000. ಇದರ ದುಪ್ಪಟ್ಟು ತಂದರೆ ಕೆಲಸ ಬೇಗ ಮುಗಿಯುತ್ತದೆ ಎಂದುಕೊಳ್ಳಬೇಡಿ. ಮೊದಲ 200 ಡಿಗ್ರಿಯನ್ನು ನಿಧಾನಕ್ಕೇ ದಾಟಿಸಬೇಕು, ಇಲ್ಲವಾದರೆ ಮಡಕೆ ಸಿಡಿಯುತ್ತದೆ. ದೊಡ್ಡ ಬರ್ನರನ್ನು ಅಷ್ಟು ಸಣ್ಣಗೆ ಇಳಿಸಿದರೆ ಉರಿ ಕೊಳವೆಯ ಒಳಕ್ಕೇ ಸರಿದುಬಿಡುತ್ತದೆ.

ಬರ್ನರಿಗಿಂತ ಮೊದಲು ನೋಡಬೇಕಾದದ್ದು ರೆಗ್ಯುಲೇಟರ್. ಅಡುಗೆಮನೆಯ ರೆಗ್ಯುಲೇಟರ್ ಬಿಡುವುದು 30 ಮಿಲಿಬಾರ್ ಒತ್ತಡ ಮಾತ್ರ. ಬರ್ನರಿಗೆ ಗ್ಯಾಸ್ ಚಿಮ್ಮಿಸುವ, 1.5 ಮಿ.ಮೀ. ತೂತಿನ ಜೆಟ್‌ಗೆ ಅದನ್ನು ಜೋಡಿಸಿದರೆ 8 ಕಿಲೋವ್ಯಾಟ್ ಕೂಡ ಕಷ್ಟ. ಅದೇ ಜೆಟ್‌ಗೆ 0.3 ಬಾರ್ (300 ಮಿಲಿಬಾರ್) ಕೊಟ್ಟರೆ 25 ಕಿಲೋವ್ಯಾಟ್ ಹತ್ತಿರ ಬರುತ್ತದೆ. ಒತ್ತಡ ನಾಲ್ಕು ಪಟ್ಟಾದರೆ ಗ್ಯಾಸ್ ಎರಡು ಪಟ್ಟು ಎಂಬ ಲೆಕ್ಕ ನೆನಪಿಡಿ. ಒತ್ತಡ ಹೆಚ್ಚಿದಷ್ಟೂ ಜೆಟ್‌ನಿಂದ ಗ್ಯಾಸ್ ರಭಸವಾಗಿ ನುಗ್ಗಿ, ಹಿಂದಿನಿಂದ ಗಾಳಿಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಒಂದು ಪಾಲು ಎಲ್‌ಪಿಜಿ ಪೂರ್ತಿ ಉರಿಯಲು 25ರಿಂದ 30 ಪಾಲು ಗಾಳಿ ಬೇಕು. ಫ್ಯಾನ್ ಇಲ್ಲದ ಬರ್ನರಿನಲ್ಲಿ ಅಷ್ಟನ್ನು ಎಳೆದು ತರಬೇಕಾದದ್ದು ಈ ರಭಸವೇ. ಆದ್ದರಿಂದ 0ರಿಂದ 2 ಬಾರ್‌ವರೆಗೆ ಹೊಂದಿಸಬಹುದಾದ, ಒತ್ತಡದ ಗೇಜ್ ಇರುವ ಹೈಪ್ರೆಶರ್ ರೆಗ್ಯುಲೇಟರನ್ನೇ ಕೊಳ್ಳಿ. ಗೇಜ್ ಇಲ್ಲದಿದ್ದರೆ ಇವತ್ತು ಚೆನ್ನಾಗಿ ಬಂದ ಸುಡುವಿಕೆಯನ್ನು ನಾಳೆ ಮತ್ತೆ ತರಲಾಗುವುದಿಲ್ಲ.

ಭಟ್ಟಿ ಬರ್ನರ್ ಬೇಡ. ಅದು ತೆರೆದ ಒಲೆಗೆ ಮಾಡಿದ್ದು. ಉರಿಯ ಅರ್ಧ ಗಾಳಿಯನ್ನು ಸುತ್ತಲ ಬಯಲಿನಿಂದ ತೆಗೆದುಕೊಳ್ಳುತ್ತದೆ. ಮುಚ್ಚಿದ ಗೂಡಿನೊಳಗೆ ಇಟ್ಟರೆ ಉಸಿರು ಕಟ್ಟಿ, ಹಳದಿ ಉರಿ, ಮಸಿ ಎರಡೂ ಬರುತ್ತವೆ. ತಾರಸಿ ಟಾರ್ಚಿನಿಂದ ರಾಕು ಸುಡುವವರು ಎಷ್ಟೋ ಜನ ಇದ್ದಾರೆ, ಶಾಖ ಸಾಲುತ್ತದೆ. ಆದರೆ ಅದು ಕೈಯಲ್ಲಿ ಹಿಡಿದು ಕೆಲಸ ಮಾಡುವ ಸಾಧನ. ಉರಿ ಕಿರಿದು, ನೇರ, ಬಿರುಸು. ಎದುರಿಗಿರುವ ಮಡಕೆಯ ಒಂದು ಮಗ್ಗುಲು ಬಿಳುಪೇರುವಾಗ ಇನ್ನೊಂದು ಮಗ್ಗುಲು ಇನ್ನೂ ಕೆಂಪಾಗಿರುವುದಿಲ್ಲ, ಮಡಕೆ ಬಿರಿಯುತ್ತದೆ. ಮೇಲಾಗಿ ಉರಿ ಆರಿಹೋದರೆ ಗ್ಯಾಸ್ ನಿಲ್ಲಿಸುವ ಏರ್ಪಾಡು ಅದರಲ್ಲಿಲ್ಲ. ಬ್ಲೋವರ್ ಬರ್ನರ್ ಒಳ್ಳೆಯದೇ, ಉರಿಯನ್ನು ಬೇಕಾದಂತೆ ಹಿಡಿತದಲ್ಲಿಡಬಹುದು. ಆದರೆ ನಮ್ಮ ಕಡೆ ಕರೆಂಟ್ ಹೋದ ಕ್ಷಣ ಫ್ಯಾನ್ ನಿಲ್ಲುತ್ತದೆ, ಗ್ಯಾಸ್ ನಿಲ್ಲುವುದಿಲ್ಲ. ಕರೆಂಟ್ ಹೋದೊಡನೆ ತಾನಾಗಿ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಇಲ್ಲದೆ ಅದನ್ನು ಹಾಕಲೇಬೇಡಿ. 95 ಲೀಟರಿನ ಗೂಡಿಗೆ ಅಷ್ಟು ಖರ್ಚು ಬೇಕೂ ಇಲ್ಲ.

ನಿಮಗೆ ಬೇಕಾದದ್ದು ಫ್ಯಾನ್ ಇಲ್ಲದೆ ಗ್ಯಾಸಿನ ರಭಸದಿಂದಲೇ ಗಾಳಿ ಎಳೆದುಕೊಳ್ಳುವ ವೆಂಚುರಿ ಬರ್ನರ್: 1.5 ಮಿ.ಮೀ. ಹಿತ್ತಾಳೆ ಜೆಟ್, ಒಂದೂಕಾಲರಿಂದ ಒಂದೂವರೆ ಇಂಚಿನ ಕೊಳವೆ, ಹಿಂದೆ ತಿರುಗಿಸಿ ತೆರೆದು ಮುಚ್ಚಬಹುದಾದ ಗಾಳಿ ಶಟರ್, ಮುಂದೆ ಉರಿಯನ್ನು ಹಿಡಿದು ನಿಲ್ಲಿಸುವ ಅಗಲ ಬಾಯಿ. ಕೊಳವೆಯ ಉದ್ದ ಅಡ್ಡಳತೆಯ ಎಂಟೊಂಬತ್ತು ಪಟ್ಟು ಇರಲಿ, ಗ್ಯಾಸ್ ಮತ್ತು ಗಾಳಿ ಬೆರೆಯಲು ಅಷ್ಟು ಜಾಗ ಬೇಕು. ಜೆಟ್ ಕೊಳವೆಯ ನಡುಗೆರೆಗೆ ಸರಿಯಾಗಿ ಕೂತಿದೆಯೇ ಎಂದು ಹಿಂದಿನಿಂದ ಕಣ್ಣಿಟ್ಟು ನೋಡಿ. ತುಸು ಓರೆಯಾದರೂ ಉರಿ ಒಂದು ಕಡೆ ವಾಲುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಗಿಂತ ಶೇ 8ರಷ್ಟು ತೆಳು. ಮಂಗಳೂರಿನಲ್ಲಿ ಹೊಂದಿಸಿ ತಂದ ಬರ್ನರ್ ಇಲ್ಲಿ ಹಳದಿ ತುದಿ ತೋರಿಸಿದರೆ ಶಟರನ್ನು ಇನ್ನಷ್ಟು ತೆರೆಯಿರಿ.

ಉರಿ ಆರಿದರೆ ಗ್ಯಾಸ್ ಮುಚ್ಚುವ ಥರ್ಮೋಕಪಲ್ (ಉರಿಯ ಕಾವನ್ನು ಅರಿಯುವ ಕಡ್ಡಿ) ಸೇಫ್ಟಿ ವಾಲ್ವ್ ಮತ್ತು ಪೈಲಟ್ ಉರಿ (ಬರ್ನರ್ ಹೊತ್ತಿಸಲು ಸದಾ ಉರಿಯುವ ಸಣ್ಣ ಉರಿ) ಇಲ್ಲದ ಬರ್ನರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಗೂಡು 750 ಡಿಗ್ರಿ ದಾಟಿದ ಮೇಲೆ ಆರಿದ ಗ್ಯಾಸ್ ಗೋಡೆಯ ಕಾವಿಗೇ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕೆಳಗಿದ್ದಾಗ ಗೂಡಿನಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ, ಆಮೇಲೆ ಒಂದು ಕಿಡಿ ಸಾಕು. ವಾಲ್ವ್ ಕೊಳ್ಳುವಾಗ ಅದು ಎಷ್ಟು ಒತ್ತಡಕ್ಕೆ ಮಾಡಿದ್ದು ಎಂದು ಕೇಳಿ. ಅಡುಗೆ ಒಲೆಯ ವಾಲ್ವ್ ಮಿಲಿಬಾರ್ ಒತ್ತಡಕ್ಕೆ ಮಾಡಿದ್ದು, ಅರ್ಧ ಬಾರ್‌ಗೆ ಅದನ್ನು ನಂಬುವಂತಿಲ್ಲ. ಇನ್ನೊಂದು ವಿಷಯ: ಈ ವಾಲ್ವ್ ಥಟ್ಟನೆ ಮುಚ್ಚುವುದಿಲ್ಲ, ಥರ್ಮೋಕಪಲ್ ತಣಿಯಲು ಅರ್ಧದಿಂದ ಒಂದು ನಿಮಿಷ ಹಿಡಿಯುತ್ತದೆ. ವಾಲ್ವ್ ಇದೆ ಎಂದು ಗೂಡು ಬಿಟ್ಟು ಊಟಕ್ಕೆ ಹೋಗಬಾರದು.

ಮನೆಯ 14.2 ಕೆ.ಜಿ. ಸಿಲಿಂಡರನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನುಬಾಹಿರ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ತೆಗೆದುಕೊಳ್ಳಿ, ಒಂದಲ್ಲ, ಎರಡು. ಪೂರ್ತಿ ಉರಿಯಲ್ಲಿ ನಿಮ್ಮ ಬರ್ನರ್ ಗಂಟೆಗೆ ಸುಮಾರು 2 ಕೆ.ಜಿ. ಗ್ಯಾಸ್ ತಿನ್ನುತ್ತದೆ. ಒಂದೇ ಸಿಲಿಂಡರಿನಿಂದ ಅಷ್ಟು ಎಳೆದರೆ ಒಳಗಿನ ದ್ರವ ಆವಿಯಾಗುತ್ತಾ ತಣ್ಣಗಾಗಿ, ಹೊರಮೈಯಲ್ಲಿ ನೀರು ಒಸರಿ, ಕೊನೆಗೆ ಹಿಮ ಕಟ್ಟುತ್ತದೆ, ಒತ್ತಡ ಬಿದ್ದುಹೋಗುತ್ತದೆ. ಸಿಲಿಂಡರುಗಳು ನೆಟ್ಟಗೆ ನಿಂತಿರಬೇಕು, ಗೂಡಿನಿಂದ ಕನಿಷ್ಠ 3 ಮೀಟರ್ ದೂರ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ; ಹತ್ತಿರ ಚರಂಡಿ, ಸಂಪು ಇರಬಾರದು. ಪೈಪು ಐಎಸ್ 9573 (ಗ್ಯಾಸ್ ಪೈಪಿನ ಭಾರತೀಯ ಮಾನದಂಡ) ಗುರುತಿನದೇ ಆಗಿರಲಿ. ಜೋಡಣೆಗಳಿಗೆ ಪ್ರತಿ ಸಲ ಸೋಪಿನ ನೀರು ಹಚ್ಚಿ ನೋಡಿ.

ಪ್ರಶ್ನೆ: ಪಾಂಡವಪುರದಲ್ಲಿ ಇಂಥದ್ದೇ ಗೂಡು, ವೆಂಚುರಿ ಬರ್ನರ್ ಇದೆ. 850 ಡಿಗ್ರಿಗೆ ಬಂದು ನಿಂತುಬಿಡುತ್ತದೆ. ಗ್ಯಾಸ್ ಎಷ್ಟು ಹೆಚ್ಚಿಸಿದರೂ ಮೇಲೇರುವುದಿಲ್ಲ. ಬರ್ನರ್ ಬದಲಿಸಬೇಕೇ?

ಉತ್ತರ: ಬದಲಿಸುವ ಮೊದಲು ಗ್ಯಾಸ್ ಕಡಿಮೆ ಮಾಡಿ ನೋಡಿ. ವಿಚಿತ್ರ ಎನಿಸಬಹುದು, ಆದರೆ ಹೀಗೆ ನಿಂತ ಗೂಡುಗಳಲ್ಲಿ ಬಹಳಷ್ಟರ ಕಾಯಿಲೆ ಗ್ಯಾಸ್ ಹೆಚ್ಚಾಗಿರುವುದೇ. ಗೂಡಿನೊಳಗೆ ಬರುವ ಗಾಳಿಗೆ ಒಂದು ಮಿತಿ ಇದೆ. ಅದನ್ನು ಮೀರಿದ ಗ್ಯಾಸ್ ಒಳಗೆ ಉರಿಯದೆ, ಮೇಲಿನ ಹೊಗೆಗಂಡಿಯಿಂದ ಹೊರಬಂದು ಅಲ್ಲಿ ಉರಿಯುತ್ತದೆ. ಶಾಖ ಆಕಾಶಕ್ಕೆ, ದುಡ್ಡೂ ಆಕಾಶಕ್ಕೆ.

ಗಂಡಿಯ ಮೇಲೆ ಮೊಳದುದ್ದ ಹಳದಿ ಉರಿ ಕುಣಿಯುತ್ತಿದ್ದರೆ ರೆಗ್ಯುಲೇಟರನ್ನು 0.05 ಬಾರ್ ಇಳಿಸಿ, ಗೂಡಿನ ಕಾವು ಅಳೆಯುವ ಪೈರೋಮೀಟರ್ ಮೇಲೆ ಕಣ್ಣಿಟ್ಟು ಮೂರು ನಾಲ್ಕು ನಿಮಿಷ ಕಾಯಿರಿ. ಏರತೊಡಗಿದರೆ ಅದೇ ದಾರಿ. ಒಂದೇ ಸಲ ಎರಡನ್ನು ಬದಲಿಸಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಗಂಡಿಯಲ್ಲಿ ಉರಿಯೇ ಕಾಣದೆ ಬರೀ ಬಿಸಿಗಾಳಿ ಬುಸುಗುಟ್ಟುತ್ತಿದ್ದರೆ ಲೆಕ್ಕ ಉಲ್ಟಾ: ಗಂಡಿ ದೊಡ್ಡದಾಗಿ ಶಾಖ ನಿಲ್ಲುತ್ತಿಲ್ಲ. ಒಡೆದ ಗೂಡುಹಲಗೆಯ (ಗೂಡಿನೊಳಗೆ ಮಡಕೆ ಇಡುವ, ಶಾಖ ತಾಳುವ ಹಲಗೆ) ಚೂರೊಂದನ್ನು ಅಡ್ಡ ಸರಿಸಿ, ನಾಲ್ಕೈದು ಬೆರಳಿನಷ್ಟು ಉರಿ ಗಂಡಿಯಲ್ಲಿ ಇಣುಕುವ ತನಕ ಮುಚ್ಚಿ. 45 ಸೆಂ.ಮೀ. ಗೂಡಿಗೆ 10ರಿಂದ 12 ಸೆಂ.ಮೀ. ಗಂಡಿ ಸರಿಯಾದ ಅಳತೆ.

ಗೇಜ್‌ನ ಮುಳ್ಳು ತಾನಾಗಿಯೇ ಇಳಿಯುತ್ತಿದ್ದರೆ ತಪ್ಪು ಸಿಲಿಂಡರಿನದು, ಮೇಲೆ ಹೇಳಿದ ಹಿಮದ ಸಮಸ್ಯೆ. ತಾತ್ಕಾಲಿಕವಾಗಿ ಸಾದಾ ತಣ್ಣೀರಿನ ತೊಟ್ಟಿಯಲ್ಲಿ ಸಿಲಿಂಡರ್ ನಿಲ್ಲಿಸಬಹುದು. ಬಿಸಿನೀರು, ಬೆಂಕಿ ಯಾವುದನ್ನೂ ಅದರ ಹತ್ತಿರ ತರಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಗೂಡಿನ ಒಳಗೆ ನೋಡಿ. ಹಲಗೆ ನೆಲದಿಂದ 10-12 ಸೆಂ.ಮೀ. ಮೇಲಿರಬೇಕು, ಸುತ್ತ 4-5 ಸೆಂ.ಮೀ. ಸಂದು ಇರಬೇಕು. ಬರ್ನರ್ ಬಾಯಿ ಗೂಡಿನ ತೂತಿನಿಂದ ಎರಡು ಮೂರು ಸೆಂ.ಮೀ. ಹೊರಗೇ ಇರಲಿ; ಒಳಕ್ಕೆ ತುರುಕಿದರೆ ಹೊರಗಾಳಿ ಸೇರುವುದಿಲ್ಲ, ಬಾಯಿಯೂ ಕರಗುತ್ತದೆ. ಉರಿ ಹಲಗೆಯ ಕೆಳಗೆ, ಗೋಡೆಯ ಬಗಲಿಗೆ ಓರೆಯಾಗಿ ನುಗ್ಗಿ ಸುತ್ತಬೇಕು. ಅದು ಮೊದಲು ತಾಗುವ ಜಾಗದಲ್ಲಿ ಫೈಬರ್ ಬೇಗ ಪುಡಿಯಾಗುತ್ತದೆ, ಅಲ್ಲೊಂದು ಬೆಂಕಿ ಇಟ್ಟಿಗೆ ನಿಲ್ಲಿಸಿ. ಇಷ್ಟು ಸರಿಯಿದ್ದರೆ ಮೊದಲ ಸುತ್ತು ಒಂದು ಗಂಟೆಯ ಆಸುಪಾಸಿನಲ್ಲಿ 950-1000 ಡಿಗ್ರಿ ಮುಟ್ಟುತ್ತದೆ, ಕಾದ ಗೂಡಿನ ಮುಂದಿನ ಸುತ್ತುಗಳು ಅರ್ಧ ಗಂಟೆಯೊಳಗೆ. ಮಡಕೆ ತೆಗೆದು ಹೊಟ್ಟಿಗೆ ಹಾಕುವ ಮೊದಲು ಬರ್ನರ್ ಮುಚ್ಚಲು ಮರೆಯಬೇಡಿ. ಭತ್ತದ ಹೊಟ್ಟು, ಕಬ್ಬಿನ ರವದಿ ಹೊತ್ತಿಕೊಂಡಾಗ ಕಿಡಿ ಬಹಳ ಹಾರುತ್ತದೆ, ಹೊಟ್ಟಿನ ಡಬ್ಬ ಗ್ಯಾಸ್ ಪೈಪಿನ ಕಡೆಗಿರಬಾರದು.

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ಬಯಲಿನಲ್ಲಿ ಸುಡುತ್ತೇವೆ. ಬರ್ನರ್ ಪಟಪಟ ಎಂದು ಒಳಗೇ ಸಿಡಿಯುತ್ತದೆ, ಆಷಾಢದಲ್ಲಂತೂ ಉರಿ ಆರಿಯೇ ಹೋಗುತ್ತದೆ.

ಉತ್ತರ: ಎರಡೂ ಬೇರೆ ಬೇರೆ. ಸಿಡಿತಕ್ಕೆ ಕಾರಣ ಗ್ಯಾಸ್-ಗಾಳಿ ಮಿಶ್ರಣ ಕೊಳವೆಯಿಂದ ಹೊರಬರುವ ವೇಗ ಉರಿ ಹಿಂದಕ್ಕೆ ಓಡುವ ವೇಗಕ್ಕಿಂತ ಕಡಿಮೆಯಾಗುವುದು. ತಕ್ಷಣ ಗ್ಯಾಸ್ ಮುಚ್ಚಿ, ಕೊಳವೆ ತಣಿಯಲು ಬಿಡಿ. ಮತ್ತೆ ಹಚ್ಚುವಾಗ ಶಟರ್ ಸ್ವಲ್ಪ ಮುಚ್ಚಿ, ಒತ್ತಡ ತುಸು ಏರಿಸಿ. ಸಣ್ಣ ಉರಿಯೇ ಬೇಕಾದಾಗ 1 ಮಿ.ಮೀ. ಜೆಟ್ ಹಾಕಿಕೊಳ್ಳುವುದು ವಾಸಿ. ಹಾಗೂ ನಿಲ್ಲದಿದ್ದರೆ ಜೆಟ್ ಬಿಚ್ಚಿ ನೋಡಿ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದ ಬರ್ನರಿನಲ್ಲಿ ಜೇಡ ಬಲೆ ನೇಯ್ದಿರುತ್ತದೆ, ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ. ಜೆಟ್ಟಿಗೆ ತಂತಿ ತೂರಿಸಬೇಡಿ, ತೂತು ಹಿಗ್ಗಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಊದಿ, ಪೂರ್ತಿ ಒಣಗಿಸಿ ಜೋಡಿಸಿ.

ಆಷಾಢದ ಗಾಳಿಗೆ ಗೂಡಿನ ಪಶ್ಚಿಮಕ್ಕೆ ತಗಡಿನ ಮರೆ ಕಟ್ಟಿ, ಬರ್ನರಿನಿಂದ ಒಂದು ಮೀಟರ್ ದೂರದಲ್ಲಿ, ಶಟರ್ ಉಸಿರಾಡಲು ಜಾಗ ಬಿಟ್ಟು. ಉರಿ ಆರಿದರೆ ಗ್ಯಾಸ್ ಮುಚ್ಚಿ, ಮುಚ್ಚಳ ತೆಗೆದು, ಐದು ನಿಮಿಷ ಹಾಗೇ ಬಿಡಿ. ಆಮೇಲೆ ಮುಚ್ಚಳ ತೆರೆದಿರುವಾಗಲೇ, ಉರಿಯುವ ಕಾಗದವನ್ನು ಮೊದಲು ತೂತಿನ ಬಾಯಿಗೆ ಹಿಡಿದು, ನಂತರ ಗ್ಯಾಸ್ ಬಿಡಿ.