ಎಲೆಗೆ ಬೇರು ಬಂದರೆ ಸಾಲದು, ಕುಡಿಯೂ ಬರಬೇಕು

ನೀವು ಕೇಳಿರುವುದು ಮೂರು ಎಲೆಗಳಿಂದ ಹೊಸ ಗಿಡ ಮಾಡಬಹುದೇ ಎಂದು. ಲೋಟದ ನೀರಿನಲ್ಲಿ ತಿಂಗಳುಗಟ್ಟಲೆ ಬೇರು ಬಿಟ್ಟುಕೊಂಡು ಕುಳಿತಿರುವ ಮನಿ ಪ್ಲಾಂಟ್ ಎಲೆ, ಬುಡ ಕೊಳೆಯತೊಡಗಿರುವ ಸ್ನೇಕ್ ಪ್ಲಾಂಟ್ ತುಂಡು, ಗೆಳತಿಯ ಮನೆಯಿಂದ ತಂದ ರೆಕ್ಸ್ ಬೆಗೋನಿಯಾದ ಒಂದು ಎಲೆ. ಮೊದಲನೆಯದರ ಆಸೆ ಬಿಡಿ. ಎರಡನೆಯದು ಉಳಿಯಬಹುದು. ಮೂರನೆಯದನ್ನು ಮಾತ್ರ ಇವತ್ತೇ ಕೈಗೆತ್ತಿಕೊಳ್ಳಿ, ಅದೊಂದೇ ಎಲೆಯಿಂದ ಹಲವು ಗಿಡಗಳಾಗುತ್ತವೆ.

ಮನಿ ಪ್ಲಾಂಟ್ ಎಲೆ ತೊಟ್ಟಿನಿಂದ ಬೇರು ಬಿಡುತ್ತದೆ, ಆದರೆ ಹೊಸ ಕುಡಿಯನ್ನು ಹುಟ್ಟಿಸುವುದಿಲ್ಲ. ಕುಡಿಯ ಮೊಗ್ಗು ಇರುವುದು ಬಳ್ಳಿಯ ಗಿಣ್ಣಿನಲ್ಲಿ, ಅಂದರೆ ಎಲೆ ಬಳ್ಳಿಗೆ ಸೇರುವ ಗಂಟಿನಲ್ಲಿ. ಆದ್ದರಿಂದ ಕತ್ತರಿಸುವಾಗ ಎಲೆಯ ಜೊತೆಗೆ ಗಿಣ್ಣಿರುವ ಒಂದಿಂಚು ಬಳ್ಳಿಯೂ ಬರಬೇಕು. ಮಾನ್ಸ್ಟೆರಾ, ರಬ್ಬರ್ ಗಿಡಗಳ ಕತೆಯೂ ಇದೇ. ಪ್ರೇಮಿಗಳ ದಿನದ ಹೊತ್ತಿಗೆ ಪುಟ್ಟ ಕುಂಡದಲ್ಲಿ ಮಾರುವ ಹೃದಯಾಕಾರದ ಹೋಯಾ ಎಲೆ ಎಷ್ಟೋ ವರ್ಷ ಹಸಿರಾಗಿಯೇ ಇದ್ದರೂ ಸಾಮಾನ್ಯವಾಗಿ ಬಳ್ಳಿಯಾಗುವುದಿಲ್ಲ. ದುಡ್ಡು ಕೊಡುವ ಮೊದಲು ಬುಡದಲ್ಲಿ ಗಿಣ್ಣಿದೆಯೇ ಎಂದು ನೋಡುವುದು ಒಳ್ಳೆಯದು.

ಎಲೆಯಿಂದಲೇ ಪೂರ್ಣ ಗಿಡವಾಗುವ ಜಾತಿಗಳು ಕಡಿಮೆ: ಬೆಗೋನಿಯಾ, ಆಫ್ರಿಕನ್ ವಯಲೆಟ್, ಪೆಪರೋಮಿಯಾ, ಸ್ನೇಕ್ ಪ್ಲಾಂಟ್, ಝೆಡ್‌ಝೆಡ್ ಗಿಡ, ಜೇಡ್ ಮುಂತಾದವು. ನಮ್ಮ ಹಿತ್ತಲಿನ ಕಾಡುಬಸಳೆಯನ್ನು ಈ ಸಾಲಿಗೆ ಸೇರಿಸಿದರೂ ಅದರ ದಾರಿ ಬೇರೆ. ಅದರ ಎಲೆಯಂಚಿನ ಕಚ್ಚುಗಳಲ್ಲಿ ಮೊಗ್ಗುಗಳು ಮೊದಲೇ ಸಿದ್ಧವಾಗಿರುತ್ತವೆ, ನೆಲಕ್ಕೆ ಬಿದ್ದರೆ ಸಾಕು. ಉಳಿದವು ಕತ್ತರಿಸಿದ ಗಾಯದ ಬಳಿ ಮೊಗ್ಗನ್ನು ಹೊಸದಾಗಿ ಕಟ್ಟಬೇಕು. ಅದಕ್ಕೇ ಅಷ್ಟು ಸಮಯ ಹಿಡಿಯುವುದು.

ಈಗ ಬೆಗೋನಿಯಾ. ರೆಕ್ಸ್ ಬೆಗೋನಿಯಾದ ತವರು ಈಶಾನ್ಯ ಭಾರತದ ತೇವದ, ನೆರಳಿನ ಕಾಡು. ಅಲ್ಲಿನ ಹವೆಯನ್ನು ಒಂದು ಡಬ್ಬಿಯೊಳಗೆ ಸೃಷ್ಟಿಸುವುದಷ್ಟೇ ನಮ್ಮ ಕೆಲಸ. ತೀರಾ ಎಳೆಯದಲ್ಲದ, ಮುದಿಯೂ ಅಲ್ಲದ ಎಲೆ ಬೇಕು. ತೊಟ್ಟು ತೆಗೆದು ಎಲೆಯನ್ನು ಬೋರಲು ಹಾಕಿ, ಹೊಸ ಬ್ಲೇಡಿನಿಂದ ದಪ್ಪ ನರಗಳನ್ನು ಅಲ್ಲಲ್ಲಿ ಅಡ್ಡವಾಗಿ ಕತ್ತರಿಸಿ. ಬಳಿಕ ಮುಖ ಮೇಲಾಗಿ ತಿರುಗಿಸಿ ಒದ್ದೆ ಮಿಶ್ರಣದ ಮೇಲೆ ಹಾಸಿ, ಕತ್ತರಿಸಿದ ನರ ಮಿಶ್ರಣಕ್ಕೆ ತಾಗಿರುವಂತೆ ಸಣ್ಣ ಕಲ್ಲು ಇಡಿ ಅಥವಾ ಬಾಗಿಸಿದ ತಂತಿ ಚುಚ್ಚಿ. ತಾಗದ ಕಡೆ ಏನೂ ಹುಟ್ಟುವುದಿಲ್ಲ. ಇನ್ನೊಂದು ಕ್ರಮದಲ್ಲಿ, ಪ್ರತಿ ತುಂಡಿನಲ್ಲೂ ಒಂದು ದೊಡ್ಡ ನರ ಇರುವಂತೆ ಎಲೆಯನ್ನು ಪಿಜ್ಜಾದ ಹಾಗೆ ತ್ರಿಕೋನಗಳಾಗಿ ಕತ್ತರಿಸಿ, ತೊಟ್ಟಿನ ಕಡೆಯ ಚೂಪು ತುದಿಯನ್ನು ಮಿಶ್ರಣದಲ್ಲಿ ಊರಬೇಕು. ನನಗೆ ಎರಡನೆಯದೇ ಇಷ್ಟ. ಒಂದು ತುಂಡು ಕೊಳೆತರೆ ಅದನ್ನಷ್ಟೇ ಎತ್ತಿ ಎಸೆಯಬಹುದು.

ಮಿಶ್ರಣಕ್ಕೆ ತೆಂಗಿನ ನಾರಿನ ಪುಡಿ ಮತ್ತು ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಸಮಪಾಲು ಇರಲಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದುಂಟು, ನೆನೆಸಿ ಹಿಂಡಿ ನೀರನ್ನು ಎರಡು ಮೂರು ಸಲ ಬದಲಿಸಿ. ಮರಳಿಗೆ ಕುದಿಯುವ ನೀರು ಸುರಿಯಿರಿ. ಗೊಬ್ಬರ ಬೇಡವೇ ಬೇಡ, ಈ ಹಂತದಲ್ಲಿ ಅದು ಬೂಷ್ಟಿಗೆ ಹಾಕುವ ಊಟ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ನೀರು ಬರಬಾರದು. ಪಾರದರ್ಶಕ ಮುಚ್ಚಳದ ಸಿಹಿತಿಂಡಿ ಡಬ್ಬಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಬೆಳಕಿರುವ ಕಿಟಕಿಯ ಬಳಿ ಇಡಿ, ಆದರೆ ನೇರ ಬಿಸಿಲು ಬೀಳಬಾರದು. ಬಿದ್ದರೆ ಮುಚ್ಚಿದ ಡಬ್ಬಿಯೊಳಗೆ ಎಲೆ ಬೆಂದೇ ಹೋಗುತ್ತದೆ. ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸಿ.

ಊರು ಯಾವುದೆಂದು ನೀವು ಬರೆದಿಲ್ಲ. ಮಲೆನಾಡಿನ ಮಳೆಗಾಲವಾದರೆ ಮುಚ್ಚಳವನ್ನು ಸ್ವಲ್ಪ ಸರಿಸಿಯೇ ಇಡಬೇಕು, ಅಲ್ಲಿ ತೇವಕ್ಕಿಂತ ಬೂಷ್ಟಿನದೇ ಕಾಟ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮುಚ್ಚಳವಿಲ್ಲದೆ ಎಲೆ ಬೇಗನೆ ಸುರುಟುತ್ತದೆ. ಬೆಂಗಳೂರಿನ ಡಿಸೆಂಬರ್–ಜನವರಿ ರಾತ್ರಿಗಳು ಈ ಕೆಲಸಕ್ಕೆ ತೀರಾ ತಣ್ಣಗಿರುತ್ತವೆ. 20ರಿಂದ 25 ಡಿಗ್ರಿ ಸಿಗುವ ತಿಂಗಳು ಒಳ್ಳೆಯದು. ಹಿತವಾದ ಹವೆಯಿದ್ದರೆ ಮೂರು ನಾಲ್ಕು ವಾರಗಳಲ್ಲಿ ಬೇರು, ಎರಡು ಮೂರು ತಿಂಗಳಲ್ಲಿ ಪುಟ್ಟ ಸಸಿಗಳು ಕಾಣುತ್ತವೆ. ಸಸಿಗೆ ಎರಡು ಮೂರು ಎಲೆ ಬಂದ ಮೇಲೆ ಬೇರ್ಪಡಿಸಿ, ಮುಚ್ಚಳವನ್ನು ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಟ್ಟು ಹೊರಗಿನ ಗಾಳಿಗೆ ಪಳಗಿಸಿ.

ಬೇರು ಬರಿಸುವ ಹಾರ್ಮೋನು ಪುಡಿ ಹಚ್ಚಿ ಎಂದು ನಿಮ್ಮ ಪ್ರಶ್ನೆಗೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ಕಾಂಡದ ತುಂಡಿಗಾದರೆ ಸರಿ. ಎಲೆ ತುಂಡಿಗೆ ನಾನು ಹಚ್ಚುವುದಿಲ್ಲ. ಆ ಪುಡಿಯಲ್ಲಿರುವುದು ಆಕ್ಸಿನ್ ಎಂಬ ಸಸ್ಯ ಹಾರ್ಮೋನು. ಅದು ಬೇರನ್ನು ಹೆಚ್ಚಿಸುತ್ತದೆ, ಆದರೆ ಅತಿಯಾದರೆ ಕುಡಿಯ ಮೊಗ್ಗು ಕಟ್ಟುವುದನ್ನೇ ತಡೆಯುತ್ತದೆ. ಬೇರಿಗೆ ಇಲ್ಲಿ ಬರವಿಲ್ಲ, ನಮಗೆ ಬೇಕಿರುವುದು ಕುಡಿ.

ಆಫ್ರಿಕನ್ ವಯಲೆಟ್ ಸಿಕ್ಕಿದರೆ ಒಂದಿಂಚು ತೊಟ್ಟಿನ ಸಮೇತ ಎಲೆ ತೆಗೆದು, ತುದಿಯನ್ನು ಓರೆಯಾಗಿ ಕತ್ತರಿಸಿ ಊರಿ. ಆರಂಭಿಸುವವರಿಗೆ ಇಷ್ಟು ಸುಲಭದ್ದು ಮತ್ತೊಂದಿಲ್ಲ. ಝೆಡ್‌ಝೆಡ್ ಎಲೆ ಮೊದಲು ಮಣ್ಣಿನೊಳಗೆ ಸಣ್ಣ ಗಡ್ಡೆ ಕಟ್ಟುತ್ತದೆ, ಕುಡಿ ಬರಲು ಆರು ತಿಂಗಳೂ ಆಗಬಹುದು, ವರ್ಷವೂ ಆಗಬಹುದು. ಆಗಾಗ ಕಿತ್ತು ನೋಡುವ ಚಟ ಇರುವವರು ಅದರ ತಂಟೆಗೆ ಹೋಗದಿರುವುದು ಲೇಸು. ಅದರ ರಸ ಕೆಲವರ ಕೈಗೆ ತುರಿಕೆ ತರುತ್ತದೆ, ಕತ್ತರಿಸಿದ ಮೇಲೆ ಕೈ ತೊಳೆಯಿರಿ.

ಕೊನೆಗೆ ನಿಮ್ಮ ಸ್ನೇಕ್ ಪ್ಲಾಂಟ್. ಕೊಳೆತ ಭಾಗವನ್ನು ಗಟ್ಟಿ ಹಸಿರು ಸಿಗುವವರೆಗೆ ಕತ್ತರಿಸಿ ಬಿಸಾಡಿ. ಉಳಿದದ್ದನ್ನು ಮೂರಿಂಚಿನ ತುಂಡುಗಳಾಗಿ ಮಾಡಿ, ಕೆಳತುದಿ ಯಾವುದೆಂದು ಪೆನ್ನಿನಿಂದ ಗುರುತು ಹಾಕಿ. ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ. ನೆರಳಿನಲ್ಲಿ ಎರಡು ಮೂರು ದಿನ ಗಾಯ ಒಣಗಲು ಬಿಟ್ಟು, ಮರಳು ಹೆಚ್ಚಿರುವ ಮಿಶ್ರಣದಲ್ಲಿ ಒಂದಿಂಚು ಆಳಕ್ಕೆ ನಿಲ್ಲಿಸಿ. ಇದಕ್ಕೆ ಮುಚ್ಚಳ ಬೇಡ, ಮೇಲ್ಮೈ ಪೂರ್ತಿ ಒಣಗಿದ ಮೇಲಷ್ಟೇ ನೀರು. ನಿಮ್ಮದು ಹಳದಿ ಅಂಚಿನ ತಳಿಯಾಗಿದ್ದರೆ ಒಂದು ಮಾತು ತಿಳಿದಿರಲಿ: ಎಲೆ ತುಂಡಿನಿಂದ ಬರುವ ಮರಿಗಳು ಅಂಚಿಲ್ಲದೆ ಹಸಿರಾಗಿ ಹುಟ್ಟುತ್ತವೆ. ಆ ಹಳದಿ ಅಂಚು ಬೇರೆಯದೇ ಜೀವಕೋಶಗಳ ಪದರ, ಹೊಸ ಮೊಗ್ಗಿಗೆ ಅದು ದಾಟಿ ಬರುವುದಿಲ್ಲ. ಅಂಚು ಬೇಕೆಂದರೆ ತಾಯಿಗಿಡದ ಬುಡದಿಂದ ಬೇರು ಸಮೇತ ಮರಿಯನ್ನೇ ಬಿಡಿಸಿ ತೆಗೆದುಕೊಳ್ಳಿ.