ಮನಸ್ಸು ಅಲೆದದ್ದು ತಿಳಿದಿದ್ದು ಯಾರಿಗೆ?

ಉಸಿರನ್ನು ಗಮನಿಸುತ್ತಾ ಕೂತಾಗ ಮನಸ್ಸು ಎಲ್ಲೋ ಹೋಗಿರುತ್ತದೆ, ಆಮೇಲೆ ಥಟ್ಟನೆ ಅದು ಗೊತ್ತಾಗುತ್ತದೆ, ಹಾಗೆ ಗೊತ್ತಾಗಿದ್ದು ಯಾರಿಗೆ ಅಂತ ಕೇಳಿದ್ದೀರಿ. ನನ್ನನ್ನೂ ಇದು ಬಹಳ ಕಾಡಿದೆ.

ಮೊದಲಿಗೆ, ಅಲೆಯುವುದು ನಿಮ್ಮೊಬ್ಬರ ಮನಸ್ಸಲ್ಲ. ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಗ ಏನು ಯೋಚಿಸುತ್ತಿದ್ದೀರಿ ಅಂತ ಆಗಾಗ ಕೇಳಿದಾಗ, ಸುಮಾರು 47% ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಮುಂಡಕ ಉಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ನೆ ನೋಡುತ್ತದೆ. ಆ ನೋಡುವ ಹಕ್ಕಿಯನ್ನೇ ಸಾಕ್ಷಿ, ಅಂದರೆ ನಮ್ಮೊಳಗೆ ಎಲ್ಲವನ್ನೂ ಬರೀ ನೋಡುವ ಆತ್ಮ, ಅನ್ನುವವರಿದ್ದಾರೆ. ಬೌದ್ಧರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅರಿವು ಕ್ಷಣಕ್ಷಣವೂ ಹುಟ್ಟಿ ಅಳಿಯುತ್ತದೆ, ಹಿಂದೆ ಕೂತು ನೋಡುವವನು ಅಂತ ಯಾರೂ ಇಲ್ಲ. ವಿಜ್ಞಾನ ಮಿದುಳಿನಲ್ಲಿ ಏನು ನಡೆಯುತ್ತದೆ ಅಂತ ತೋರಿಸಬಲ್ಲದು. ಅದರ ಜೊತೆ ಅನುಭವ ಯಾಕಿದೆ ಅನ್ನುವುದನ್ನು ತತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲೇ 'ಕಠಿಣ ಸಮಸ್ಯೆ' ಅಂತ ಕರೆದರು. ಅದನ್ನು ಇನ್ನೂ ಯಾರೂ ಬಿಡಿಸಿಲ್ಲ.

ನನಗೆ ಬೌದ್ಧರ ಮಾತೇ ಜಾಸ್ತಿ ಹಿಡಿಸಿದೆ. ಹುಡುಕಿದಾಗ ನೋಡುವವನು ಸಿಗುವುದಿಲ್ಲ, ನೋಟ ಮಾತ್ರ ಸಿಗುತ್ತದೆ, ಅಲ್ವಾ? ನಾಳೆ ಕೂತಾಗ, ಮನಸ್ಸು ಅಲೆದದ್ದು ಗೊತ್ತಾದ ಕೂಡಲೇ ಉಸಿರಿಗೆ ಓಡಬೇಡಿ. ಆ ಗೊತ್ತಾಗುವುದನ್ನೇ ಎರಡು ಕ್ಷಣ ನೋಡಿ.